ಮಾಮೊಯೊಗೆ ಇನ್ನೂರು

ಮುತಾರೆಯ ಕ್ಲಿನಿಕ್ಕಿನ ಹಿಂಬದಿ ಕಿಟಕಿಯಲ್ಲಿ
ಮಾತ್ರೆ ಎಣಿಸುವುದು ನನ್ನ ಕೆಲಸ.
ನೀಲಿ ತಟ್ಟೆ, ಚಪ್ಪಟೆ ಚಾಕು, ಐದೈದರಂತೆ ಆರು ಸಲ,
ಡಬ್ಬಿಯ ಮೇಲೊಂದು ಚಂದ್ರನ ಚಿತ್ರ:
ರಾತ್ರಿ ಮಲಗುವ ಮುನ್ನ, ದಿನವೂ, ಇರುವ ತನಕ.
ಹನ್ನೊಂದು ವರ್ಷ ಎಣಿಸಿದ್ದೇನೆ, ಒಂದೂ ತಪ್ಪಿಲ್ಲ.
ಎಣಿಕೆ ತಪ್ಪಿಲ್ಲ,
ಅಷ್ಟೇ.

ಕಡಲೆಕಾಯಿ ಬೆಣ್ಣೆ ಮಾರುವ ಮುಚಾನೆತಾ
ಅಕ್ಟೋಬರಿನಲ್ಲಿ ಬಂದಳು, ಜಕರಂಡ ಉದುರುವಾಗ,
ಗೋಡೆ ಹಿಡಿದು, ಹೊಳೆ ದಾಟುವವಳ ಹಾಗೆ
ಕಾಲಿಂದ ನೆಲ ಹುಡುಕುತ್ತ.
"ಬೆಳಗಾದರೂ ರಾತ್ರಿ ಇಳಿಯುವುದಿಲ್ಲ ಮಗಳೇ.
ಸಾಜಾ ತಿರುವುವಾಗ ಪಾತ್ರೆಯೊಳಗಿಂದ ಯಾರೋ ಮಾತಾಡುತ್ತಾರೆ.
ನನ್ನ ಗಂಡ, ತೀರಿಕೊಂಡವನು,
ಸೈಕಲ್ಲನ್ನು ಕೋಣೆಯೊಳಕ್ಕೇ ತರುತ್ತಾನೆ,
ಮಂಚಕ್ಕೆ ಒರಗಿಸಿ ಚೈನಿಗೆ ಎಣ್ಣೆ ಬಿಡುತ್ತಾನೆ,
ಕೈ ಒರೆಸಲು ನನ್ನ ತಲೆವಸ್ತ್ರವೇ ಬೇಕು ಅವನಿಗೆ."

ಮೈದುನ ಎನ್ಗೋಜಿ ಅಂದ, ಹಳೆಯ ಋಣ
ಕೇಳಲು ಬಂದ ಆತ್ಮ ಅಂದ, ಒಂದು ಹಸುವಾದರೂ ಬೇಕು ಅಂದ.
ಡಾಕ್ಟರು ಚಿಂತೆ ಅಂದರು.
ನಾನು ಡಬ್ಬಿ ತೆರೆದು ಉಳಿದದ್ದನ್ನು ಎಣಿಸಿದೆ:
ಹನ್ನೆರಡು ಹೆಚ್ಚು.
ಕೆಂಪು ಪೆನ್ನಿನಲ್ಲಿ ಬರೆದೆ:
ಹೇಳಿದ ಮಾತು ಕೇಳುವುದಿಲ್ಲ.

ರಕ್ತ ಹರಾರೆಗೆ ಹೋಯಿತು.
ನಾಲ್ಕು ತಿಂಗಳಾದ ಮೇಲೆ ಒಂದು ಹಾಳೆ ಬಂತು,
ಹಾಳೆಯ ಜೊತೆ ಮುಫಾರೋ ಎಂಬ ಹುಡುಗ, ಸಣ್ಣ ದನಿಯವನು.
"ಮಾತ್ರೆ ನೆಂಟ, ಅಕ್ಕ. ಲಿವರ್ ಮನೆಯೊಡತಿ.
ಕೆಲವು ಮನೆಗಳಲ್ಲಿ ಊಟ ಮುಗಿಯುತ್ತಲೇ
ಚಪ್ಪಲಿ ತಂದು ಮುಂದಿಡುತ್ತಾರೆ.
ಕೆಲವು ಕಡೆ ಹೊರಡು ಅನ್ನಲು ನಾಲಿಗೆ ಏಳದು.
ನಿನ್ನೆಯವನು ಚಾಪೆಯ ಮೇಲಿರುವಾಗಲೇ
ಇವತ್ತಿನವನು ಕದ ತಟ್ಟುತ್ತಾನೆ."

"ಈ ಆರುನೂರು ಮಿಲಿಗ್ರಾಂ
ಯಾರ ಮೈ ಅಳೆದು ಹೊಲಿದದ್ದು?" ಅಂದೆ.
ಅವನು ಕಿಟಕಿಯಾಚೆ ಸರದಿಯನ್ನು ನೋಡಿದ.
"ಇಲ್ಲಿ ಟೇಪು ಹಿಡಿದವರು ಕಡಿಮೆ" ಅಂದ,
"ಆದರೂ ಎಲ್ಲರೂ ಹೀಗಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ
ಅಣ್ಣ ಬೇರೆ, ತಮ್ಮ ಬೇರೆ.
ಊರಿನ ಹೆಸರು ರಕ್ತದ ಹೆಸರಲ್ಲ."

ಮುಚಾನೆತಾ ಮೊಯೊ ಕುಲದವಳು, ಮಾಮೊಯೊ.
ಮೊಯೊ ಅಂದರೆ ಹೃದಯ.
ಎತ್ತು ಕಡಿದ ದಿನವೂ ಆ ಮನೆಯವರು
ಹೃದಯದ ತುಂಡು ಬಾಯಿಗಿಡರು,
ಇಟ್ಟರೆ ಹಲ್ಲು ಉದುರುತ್ತವಂತೆ.
ಅಜ್ಜ ಹೇಳಿದ್ದು, ಅಜ್ಜನಿಗೆ ಅವನಜ್ಜ.
ಕುಲದ ಹೊಗಳಿಕೆಯಲ್ಲಿ ಹೊಳೆಗಳಿವೆ, ಗೋರಿಗಳಿವೆ,
ಲಿವರಿನ ಮಾತು ಯಾವ ಹಿರಿಯನೂ ಎತ್ತಲಿಲ್ಲ.
ಅದೂ ಬಂದದ್ದು ಅದೇ ಕಾಲುದಾರಿಯಲ್ಲಿ,
ಅಪ್ಪನಿಂದೊಂದು, ಅಮ್ಮನಿಂದೊಂದು,
ಹೆಸರಿಲ್ಲದ ವ್ರತ:
ಇದನ್ನು ಇಷ್ಟು ಉಣ್ಣಬೇಡ.

ಹಳೆಯ ಕಾರ್ಡು ತೆಗೆದೆ.
ನೀಲಿ ಪೆನ್ನಿನಿಂದ ಎಷ್ಟು ಗೀಚಿದರೂ
ಕೆಂಪು ಕೆಳಗಿನಿಂದ ಇಣುಕುತ್ತಲೇ ಇತ್ತು.
ಅದೇ ಕಪಾಟಿನಲ್ಲಿ ಅದೇ ಮಾತು ಇನ್ನೆಷ್ಟು ಕಾರ್ಡುಗಳ ಮೇಲೆ,
ನನ್ನದೇ ಅಕ್ಷರ, ದುಂಡಗೆ.
ಬಸ್ ಕಂಡಕ್ಟರ್ ಗಾರಿಕಾಯಿ,
ಚೀಟಿ ಹರಿಯುವಾಗ ಬೆರಳು ನನ್ನದಲ್ಲ ಅನ್ನುತ್ತಿದ್ದವನು,
ಮಾತ್ರೆ ಬಿಟ್ಟ.
ಅವನ ಕಾರ್ಡು ಈಗ ಬೇರೆ ಕೋಣೆಯಲ್ಲಿದೆ.
ಅವನ ರಕ್ತ ಏನನ್ನುತ್ತಿತ್ತೋ, ಕೇಳಿದವರಿಲ್ಲ.

ಮಾಮೊಯೊಗೆ ಈಗ ಇನ್ನೂರು.
ಗೋಡೆ ಬಿಟ್ಟು ನಡೆಯುತ್ತಾಳೆ, ಚಿಲ್ಲರೆ ಸರಿಯಾಗಿ ಎಣಿಸುತ್ತಾಳೆ.
ಮೊನ್ನೆ ಡಬ್ಬಿ ತೆಗೆದುಕೊಂಡವಳು ಹೋಗಲಿಲ್ಲ,
ಕಿಟಕಿಯ ಕಟ್ಟೆಯ ಮೇಲೆ ಬೆಣ್ಣೆಯ ಶೀಶೆಯಿಟ್ಟು
ಮುಚ್ಚಳ ತಿರುಗಿಸುತ್ತ ನಿಂತಳು.
"ತಲೆ ಹಗುರಾಗಿದೆ. ಪಾತ್ರೆಯೂ ಸುಮ್ಮನಿದೆ.
ಆದರೆ ಅವನು ಈಗ ಗೇಟಿನ ತನಕ ಮಾತ್ರ ಬರುತ್ತಾನೆ,
ಬೆಲ್ ಬಾರಿಸುತ್ತಾನೆ,
ನಾನು ಎದ್ದು ಹೋಗುವಷ್ಟರಲ್ಲಿ ರಸ್ತೆ ಖಾಲಿ."
ಆಮೇಲೆ, ಹಿಂದಿದ್ದವರಿಗೆ ಕೇಳದ ಹಾಗೆ:
"ಕ್ರಿಸ್‌ಮಸ್ಸಿಗೆ, ಒಂದೇ ಒಂದು ರಾತ್ರಿಗೆ,
ಆ ದೊಡ್ಡದು ಕೊಡುತ್ತೀಯಾ?"

ನಾನು ತಟ್ಟೆ ಒರೆಸಿದೆ.
ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ.
ಮುಂದಿನವರ ಹೆಸರು ಕರೆದೆ.